ಅಕ್ಕನ ಮೆದುಳಿನ ಗಡ್ಡೆಗೆ ಕತ್ತಿ ಹಿಡಿದ ತಮ್ಮ: ಫಿಟ್ಸ್‌ನ ಮೂಲ ಹುಡುಕಿದ ವೈಲ್ಡರ್ ಪೆನ್‌ಫೀಲ್ಡ್

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ, ಮೂಗಿಗೆ ಈರುಳ್ಳಿ ಹಿಡಿಯಿರಿ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಮನೆಯಲ್ಲಿ ಏನೂ ಸುಡದಿದ್ದರೂ ಸುಟ್ಟ ಬ್ರೆಡ್ಡಿನ ವಾಸನೆ ಬಂದರೆ ಅದು ಸ್ಟ್ರೋಕ್‌ನ ಮುನ್ಸೂಚನೆ ಎನ್ನುವ ಇನ್ನೊಂದು ಫಾರ್ವರ್ಡ್ ಕೂಡ ಆಗಾಗ ಓಡಾಡುತ್ತದೆ.

ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಲ್ಲಿ ಕಾಯಿಲೆಯೇ ಅದಲುಬದಲಾಗಿದೆ. ಇಲ್ಲದ ವಾಸನೆ ಇದ್ದಕ್ಕಿದ್ದಂತೆ ಬಂದು ಹೋಗುವುದು ಕೆಲವರಲ್ಲಿ ಫಿಟ್ಸ್‌ನ ಒಂದು ರೂಪ. ಕೈಕಾಲು ಅದುರದೆ, ನೆಲಕ್ಕೆ ಬೀಳದೆಯೂ ಫಿಟ್ಸ್ ಬರಬಹುದು. ಅದರ ಹಿಂದೆ ಕೆಲವೊಮ್ಮೆ ಮೆದುಳಿನಲ್ಲಿ ಕಡಲೆಕಾಳಿನಷ್ಟು ಸಣ್ಣ, ನಿಧಾನವಾಗಿ ಬೆಳೆಯುವ ಗಡ್ಡೆಯೂ ಇರಬಹುದು. ಅದನ್ನು ಕಂಡುಹಿಡಿದು ತೆಗೆದರೆ ಎಷ್ಟೋ ಜನರಿಗೆ ಫಿಟ್ಸ್ ನಿಂತೇ ಹೋಗುತ್ತದೆ.

ಫಿಟ್ಸ್ ಎಂದರೆ ದೆವ್ವ, ಶಾಪ, ಹುಚ್ಚು ಎಂದು ಜಗತ್ತಿನ ಬಹುಪಾಲು ಜನ ನಂಬಿದ್ದ ಕಾಲದಲ್ಲಿ, ಅದಕ್ಕೆ ಮೆದುಳಿನೊಳಗೆ ಒಂದು ವಿಳಾಸ ಇದೆ ಎಂದು ತೋರಿಸಿದವರಲ್ಲಿ ಮುಖ್ಯರಾದವರು ಡಾ. ವೈಲ್ಡರ್ ಪೆನ್‌ಫೀಲ್ಡ್. ಅವರ ಸ್ವಂತ ಅಕ್ಕನ ಮೆದುಳಿನಲ್ಲೇ ಗಡ್ಡೆ ಇತ್ತು. ಅದಕ್ಕೆ ಆಪರೇಷನ್ ಮಾಡಿದವರೂ ಅವರೇ. ಅವರ ಬದುಕಿನ ಕಥೆಯ ಜೊತೆಗೆ ಈ ಕಾಯಿಲೆಯ ಬಗ್ಗೆ ಗೊತ್ತಿರಬೇಕಾದ ಸಂಗತಿಗಳನ್ನೂ ನಾವು ಇಲ್ಲಿ ಹೇಳುತ್ತೇವೆ.

ಅಮ್ಮನ ಹಠ

ಪೆನ್‌ಫೀಲ್ಡ್ ಹುಟ್ಟಿದ್ದು 1891ರ ಜನವರಿ 26ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬ ಊರಿನಲ್ಲಿ. ಅಜ್ಜ ವೈದ್ಯರು, ಅಪ್ಪನೂ ವೈದ್ಯರು. ಆದರೆ ಅಪ್ಪನ ವೃತ್ತಿ ಕೈಹಿಡಿಯಲಿಲ್ಲ. ವೈಲ್ಡರ್‌ಗೆ ಎಂಟು ವರ್ಷವಿದ್ದಾಗ ತಾಯಿ ಜೀನ್ ಮಕ್ಕಳನ್ನು ಕರೆದುಕೊಂಡು ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಎಂಬ ಊರಿನಲ್ಲಿದ್ದ ತವರಿಗೆ ಬಂದುಬಿಟ್ಟರು.

ಮಗನಿಗೆ 13 ವರ್ಷವಾದಾಗ ತಾಯಿಗೆ ರೋಡ್ಸ್ ವಿದ್ಯಾರ್ಥಿವೇತನದ ಸುದ್ದಿ ತಿಳಿಯಿತು. ಓದಿನಲ್ಲೂ ಆಟದಲ್ಲೂ ಮುಂದಿರುವ ಹುಡುಗರನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಕಳಿಸುವ ವೇತನ ಅದು. ಇದು ನಿನ್ನದಾಗಬೇಕು ಎಂದು ಅಮ್ಮ ಹಠ ಹಿಡಿದರು. ಹುಡುಗ ಪುಸ್ತಕವನ್ನೂ ಬಿಡಲಿಲ್ಲ, ಮೈದಾನವನ್ನೂ ಬಿಡಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿದರು, ಓದು ಮುಗಿದ ಮೇಲೆ ತರಬೇತಿಯನ್ನೂ ಕೊಟ್ಟರು. ಅಪ್ಪನನ್ನು ನೋಡಿದ್ದ ಅವರಿಗೆ ವೈದ್ಯನಾಗುವ ಇಷ್ಟ ಮೊದಮೊದಲು ಇರಲಿಲ್ಲ. ಪ್ರಿನ್ಸ್‌ಟನ್‌ನಲ್ಲೇ ಆ ಮನಸ್ಸು ಬದಲಾಯಿತು.

ಕೊನೆಗೂ ರೋಡ್ಸ್ ವೇತನ ಸಿಕ್ಕಿತು. 1915ರ ಜನವರಿಯಲ್ಲಿ ಆಕ್ಸ್‌ಫರ್ಡ್ ಮುಟ್ಟಿದರು. ಅಲ್ಲಿ ಅವರಿಗೆ ಇಬ್ಬರು ದೊಡ್ಡ ಗುರುಗಳು ದೊರೆತರು. ಒಬ್ಬರು ನರಮಂಡಲ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟ ಚಾರ್ಲ್ಸ್ ಶೆರಿಂಗ್ಟನ್. ಇನ್ನೊಬ್ಬರು ಆ ಕಾಲದ ಅತ್ಯಂತ ಹೆಸರಾಂತ ವೈದ್ಯ ವಿಲಿಯಂ ಆಸ್ಲರ್. ಮೆದುಳು ಎಂದರೆ ಇನ್ನೂ ಯಾರೂ ಪೂರ್ತಿ ಕಾಲಿಡದ ಕಾಡು ಎಂದು ಪೆನ್‌ಫೀಲ್ಡ್‌ಗೆ ಮನವರಿಕೆಯಾದದ್ದು ಶೆರಿಂಗ್ಟನ್ ಅವರ ಪ್ರಯೋಗಾಲಯದಲ್ಲಿ.

ಸತ್ತರು ಎಂದು ಸುದ್ದಿಯಾದವರು

ಅದು ಮೊದಲ ಮಹಾಯುದ್ಧದ ಸಮಯ. ರಜೆಯಲ್ಲಿ ಫ್ರಾನ್ಸ್‌ನ ಒಂದು ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಸೇವೆ ಮಾಡಲು ಪೆನ್‌ಫೀಲ್ಡ್ ಹೊರಟರು. 1916ರ ಮಾರ್ಚ್ 24ರಂದು ಅವರಿದ್ದ ಸಸೆಕ್ಸ್ ಎಂಬ ಪ್ರಯಾಣಿಕರ ಹಡಗಿಗೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನ್ ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ಹಡಗಿನ ಮುಂಭಾಗವೇ ಹಾರಿಹೋಯಿತು. ಹತ್ತಾರು ಜನ ಪ್ರಾಣ ಕಳೆದುಕೊಂಡರು. ಸ್ಪೇನಿನ ಪ್ರಸಿದ್ಧ ಸಂಗೀತಕಾರ ಎನ್ರಿಕೆ ಗ್ರನಾಡೋಸ್ ಕೂಡ ಅವರಲ್ಲೊಬ್ಬರು.

ಪೆನ್‌ಫೀಲ್ಡ್ ಕಾಲಿಗೆ ಕೆಟ್ಟ ಗಾಯವಾಯಿತು. ಅವರು ಸತ್ತೇಹೋದರೆಂದು ಅಮೆರಿಕದ ಒಂದು ಪತ್ರಿಕೆ ಮರಣವಾರ್ತೆಯನ್ನೂ ಅಚ್ಚು ಹಾಕಿತು. ಸುಳ್ಳು ಸುದ್ದಿ ಹರಡಲು ಸ್ಮಾರ್ಟ್‌ಫೋನೇ ಬೇಕೆಂದಿಲ್ಲ ಎನ್ನುವುದಕ್ಕೆ ಇದೊಂದು ಉದಾಹರಣೆ! ಗಾಯ ಮಾಗುವವರೆಗೆ ಅವರು ಆಕ್ಸ್‌ಫರ್ಡ್‌ನಲ್ಲಿ ಆಸ್ಲರ್ ದಂಪತಿಯ ಮನೆಯಲ್ಲೇ ಇದ್ದರು. ಬದುಕಿ ಉಳಿದದ್ದಕ್ಕೆ ಏನೋ ಒಂದು ಉದ್ದೇಶ ಇರಬೇಕು ಎಂಬ ಭಾವನೆ ಆಗ ಅವರಲ್ಲಿ ಬೇರೂರಿತು.

1917ರಲ್ಲಿ ಹೆಲೆನ್ ಕರ್ಮಾಟ್ ಅವರನ್ನು ಮದುವೆಯಾದರು. 1918ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಪದವಿ ಪಡೆದರು. ನಂತರ ಬೋಸ್ಟನ್‌ನಲ್ಲಿ ಹಾರ್ವಿ ಕುಶಿಂಗ್ ಅವರ ಕೈಕೆಳಗೆ ಕೆಲಸ ಕಲಿತರು. ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ಕಟ್ಟಿ ನಿಲ್ಲಿಸಿದವರು ಕುಶಿಂಗ್. 1921ರಿಂದ ಪೆನ್‌ಫೀಲ್ಡ್ ನ್ಯೂಯಾರ್ಕ್‌ನಲ್ಲಿ ಸರ್ಜನ್ ಆದರು.

ಅಂಟು ಎಂದು ಕಡೆಗಣಿಸಿದ್ದ ಕೋಶಗಳು

ಇಲ್ಲಿ ಸ್ವಲ್ಪ ನಿಂತು ಮೆದುಳಿನೊಳಗೆ ಏನಿದೆ ಎಂದು ನೋಡೋಣ. ಗಡ್ಡೆಯ ವಿಷಯ ಅರ್ಥವಾಗಲು ಇದು ಬೇಕು.

ಮೆದುಳಿನಲ್ಲಿ ಮುಖ್ಯವಾಗಿ ಎರಡು ಬಗೆಯ ಜೀವಕೋಶಗಳಿವೆ. ಒಂದು ನರಕೋಶ. ವಿದ್ಯುತ್ ಸಂಕೇತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಇದರ ಕೆಲಸ. ಇನ್ನೊಂದು ಗ್ಲಯಾ ಕೋಶ. ಗ್ಲಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. 19ನೇ ಶತಮಾನದ ವಿಜ್ಞಾನಿಗಳು ಇವನ್ನು ನರಕೋಶಗಳ ನಡುವೆ ತುಂಬಿಕೊಂಡ ಬರೀ ಅಂಟು ಎಂದೇ ಭಾವಿಸಿ ಹೀಗೆ ಹೆಸರಿಟ್ಟರು.

ಆದರೆ ಗ್ಲಯಾ ಕೋಶಗಳು ಸುಮ್ಮನೆ ಕೂತಿರುವುದಿಲ್ಲ. ಕೆಲವು ನರಕೋಶಗಳಿಗೆ ಆಹಾರ ಒದಗಿಸುತ್ತವೆ. ಕೆಲವು ಕರೆಂಟ್ ವೈರಿಗೆ ಇರುವ ಪ್ಲಾಸ್ಟಿಕ್ ಹೊದಿಕೆಯಂತೆ ನರತಂತುಗಳಿಗೆ ಕವಚ ಸುತ್ತುತ್ತವೆ. ಇನ್ನು ಕೆಲವು ಕಸ ತೆಗೆಯುತ್ತವೆ, ಸೋಂಕಿನ ವಿರುದ್ಧ ಕಾವಲು ಕಾಯುತ್ತವೆ. ಗ್ಲಯಾ ಕೋಶಗಳು ನರಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎನ್ನುವ ಮಾತು ಹಳೆಯ ಪಠ್ಯಪುಸ್ತಕಗಳಲ್ಲಿತ್ತು. ಈಗಿನ ಎಣಿಕೆಯ ಪ್ರಕಾರ ಅದು ಸರಿಯಲ್ಲ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಉಳಿದ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ.

1920ರ ದಶಕದಲ್ಲಿ ಈ ಗ್ಲಯಾ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ನೋಡುವುದೇ ಕಷ್ಟವಾಗಿತ್ತು. ಫಿಟ್ಸ್ ಇದ್ದವರ ಮೆದುಳಿನ ಗಾಯದ ಕಲೆಗಳನ್ನು ಪೆನ್‌ಫೀಲ್ಡ್ ನ್ಯೂಯಾರ್ಕ್‌ನಲ್ಲಿ ಪರೀಕ್ಷಿಸುತ್ತಿದ್ದರು. ಅವರಿಗೆ ಗೊತ್ತಿದ್ದ ಬಣ್ಣಗಳಿಂದ ಗ್ಲಯಾ ಕೋಶಗಳು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಸ್ಪೇನಿನ ಪೀಯೊ ದೆಲ್ ರೀಯೊ ಓರ್ತೇಗಾ ಎಂಬ ವಿಜ್ಞಾನಿ ಬೆಳ್ಳಿಯ ಲವಣ ಬಳಸಿ ಬಣ್ಣ ಹಾಕುವ ಹೊಸ ವಿಧಾನ ಕಂಡುಕೊಂಡಿದ್ದರು. ಅದರಿಂದ ಅವರು ಗ್ಲಯಾ ಕೋಶಗಳಲ್ಲಿ ಎರಡು ಹೊಸ ಬಗೆಗಳನ್ನೇ ಗುರುತಿಸಿದ್ದರು.

1924ರಲ್ಲಿ ಪೆನ್‌ಫೀಲ್ಡ್ ಹೆಂಡತಿ ಮಕ್ಕಳೊಂದಿಗೆ ಮ್ಯಾಡ್ರಿಡ್‌ಗೆ ಹೋಗಿ, ತಿಂಗಳುಗಟ್ಟಲೆ ಓರ್ತೇಗಾ ಅವರ ಬಳಿ ಕೂತು ಈ ವಿದ್ಯೆ ಕಲಿತರು. ಅದೇ ವರ್ಷ ಅವರು ಪ್ರಕಟಿಸಿದ ಪ್ರಬಂಧದ ವಿಷಯ ಆಲಿಗೊಡೆಂಡ್ರೊಗ್ಲಯಾ ಎಂಬ ಒಂದು ಬಗೆಯ ಗ್ಲಯಾ ಕೋಶ. ನಾಲ್ಕೇ ವರ್ಷದಲ್ಲಿ ಆ ಕೋಶ ತಮ್ಮ ಮನೆಯ ಬಾಗಿಲಿಗೇ ಬರುತ್ತದೆ ಎಂದು ಆಗ ಅವರಿಗೆ ಗೊತ್ತಿರಲಿಲ್ಲ.

ಅಕ್ಕ ರೂತ್

1928ರಲ್ಲಿ ಪೆನ್‌ಫೀಲ್ಡ್ ಇನ್ನೊಬ್ಬ ಗುರುವನ್ನು ಹುಡುಕಿಕೊಂಡು ಜರ್ಮನಿಯ ಬ್ರೆಸ್ಲಾವ್ ನಗರಕ್ಕೆ ಹೋದರು. ಅದು ಈಗ ಪೋಲೆಂಡಿನಲ್ಲಿದೆ. ಅಲ್ಲಿ ಒಟ್‌ಫ್ರಿಡ್ ಫೋರ್‌ಸ್ಟರ್ ಎಂಬ ವೈದ್ಯರು ಯುದ್ಧದಲ್ಲಿ ತಲೆಗೆ ಗುಂಡು ತಗುಲಿ, ಆಮೇಲೆ ಫಿಟ್ಸ್‌ಗೆ ತುತ್ತಾದ ಸೈನಿಕರಿಗೆ ಆಪರೇಷನ್ ಮಾಡುತ್ತಿದ್ದರು. ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಿರಲಿಲ್ಲ. ತಲೆಯ ಚರ್ಮಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ರೋಗಿಯ ಜೊತೆ ಮಾತಾಡುತ್ತಲೇ ಮೆದುಳಿನ ಕಲೆಯನ್ನು ತೆಗೆಯುತ್ತಿದ್ದರು. ಪೆನ್‌ಫೀಲ್ಡ್ ಅದನ್ನೂ ಕಲಿತರು. ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ಗೆ ಬಂದು ಮೆಕ್‌ಗಿಲ್ ವಿಶ್ವವಿದ್ಯಾಲಯ ಮತ್ತು ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು.

ಬಂದು ಕೆಲವೇ ತಿಂಗಳಾಗಿತ್ತು. ಅಕ್ಕ ರೂತ್ ಅವರ ಸ್ಥಿತಿ ಬಿಗಡಾಯಿಸಿತು. ಅವರಿಗೆ ಆಗ 43 ವರ್ಷ, ಆರು ಮಕ್ಕಳ ತಾಯಿ. ಹದಿಹರೆಯದಿಂದಲೇ ಅಪರೂಪಕ್ಕೊಮ್ಮೆ ಫಿಟ್ಸ್ ಬರುತ್ತಿತ್ತು, ತಲೆನೋವೂ ಇತ್ತು. ಈಗ ಅದೆಲ್ಲ ಜೋರಾಗಿತ್ತು. ತಮ್ಮನೇ ಪರೀಕ್ಷಿಸಿದಾಗ ಕಣ್ಣಿನ ಹಿಂಭಾಗದ ನರ ಊದಿಕೊಂಡಿರುವುದು ಕಂಡಿತು. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದೆ, ಅಂದರೆ ಗಡ್ಡೆ ಬೆಳೆದಿದೆ ಎಂಬುದಕ್ಕೆ ಅದು ಗುರುತು.

ಸ್ವಂತ ಅಕ್ಕನಿಗೆ ತಾನೇ ಆಪರೇಷನ್ ಮಾಡಬೇಕೇ? ಇಂದು ಯಾವ ಸರ್ಜನ್ ಕೂಡ ಇದಕ್ಕೆ ಮುಂದಾಗುವುದು ವಿರಳ. ಆದರೆ ಆಗ ಮೆದುಳಿಗೆ ಕೈ ಹಾಕಬಲ್ಲವರೇ ಬೆರಳೆಣಿಕೆಯಷ್ಟು. ಕುಟುಂಬ ಒಪ್ಪಿತು. 1928ರ ಡಿಸೆಂಬರ್‌ನಲ್ಲಿ ಪೆನ್‌ಫೀಲ್ಡ್ ಅಕ್ಕನ ತಲೆಬುರುಡೆ ತೆರೆದರು. ಹಣೆಯ ಹಿಂದೆ, ಬಲಭಾಗದ ಮುಂದಿನ ಹಾಲೆಯಲ್ಲಿ ದೊಡ್ಡ ಗಡ್ಡೆ ಇತ್ತು. ಸಾಧ್ಯವಾದಷ್ಟನ್ನೂ ತೆಗೆದರು. ಆದರೆ ಗಡ್ಡೆ ಆಳಕ್ಕೆ ಇಳಿದಿತ್ತು. ಪೂರ್ತಿ ತೆಗೆಯಲು ಆಗಲಿಲ್ಲ.

ತೆಗೆದ ತುಂಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದು ಆಲಿಗೊಡೆಂಡ್ರೊಗ್ಲಯೋಮ. ಮ್ಯಾಡ್ರಿಡ್‌ನಲ್ಲಿ ಯಾವ ಕೋಶದ ಬಗ್ಗೆ ಅಧ್ಯಯನ ಮಾಡಿದ್ದರೋ ಅದೇ ಬಗೆಯ ಕೋಶಗಳಂತೆ ಕಾಣುವ ಗಡ್ಡೆ.

ರೂತ್ ಚೇತರಿಸಿಕೊಂಡು ಮಕ್ಕಳ ಬಳಿಗೆ ಮರಳಿದರು. ನಗು, ಮಾತು, ನೆನಪು ಎಲ್ಲ ಇತ್ತು. ಸುಮಾರು 15 ತಿಂಗಳ ನಂತರ ತಮ್ಮ ಮನೆಗೆ ಬಂದಾಗ ರೂತ್ ಊಟಕ್ಕೆ ಸಿದ್ಧತೆ ಮಾಡಲು ಹೊರಟರು. ತಮ್ಮ ಸೇರಿ ಐದು ಜನಕ್ಕೆ ಅಡುಗೆಯಾಗಬೇಕಿತ್ತು. ಹಿಂದೆಲ್ಲ ಅದು ಅವರಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಪೆನ್‌ಫೀಲ್ಡ್ ಅಡುಗೆಮನೆಗೆ ಹೋಗಿ ನೋಡಿದರೆ ಸಾಮಾನು ಎಲ್ಲ ಇದೆ, ಒಂದೆರಡು ಪದಾರ್ಥ ಒಲೆಯ ಮೇಲಿವೆ, ಮಾಂಸ ಬೇಯಲು ಇಟ್ಟೇ ಇಲ್ಲ, ಅಕ್ಕ ಗೊಂದಲದಲ್ಲಿ ದಣಿದು ನಿಂತಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವ ಶಕ್ತಿ ಕುಂದಿತ್ತು. ಯೋಜನೆ ಹಾಕುವ ಕೆಲಸಕ್ಕೆ ಮೆದುಳಿನ ಮುಂದಿನ ಹಾಲೆ ಬೇಕೇ ಬೇಕು ಎಂದು ಇಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. 1935ರಲ್ಲಿ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಅಡುಗೆಮನೆಯ ಪ್ರಸಂಗವೂ ಸೇರಿತು.

ಗಡ್ಡೆ ಮತ್ತೆ ಬೆಳೆಯಿತು. ಎರಡನೇ ಬಾರಿ ಹಾರ್ವಿ ಕುಶಿಂಗ್ ಆಪರೇಷನ್ ಮಾಡಿದರು. 1931ರಲ್ಲಿ ರೂತ್ ತೀರಿಕೊಂಡರು.

ಸೋಲಿನಿಂದ ಎದ್ದ ಸಂಸ್ಥೆ

ಅಕ್ಕನ ಸಾವು ಪೆನ್‌ಫೀಲ್ಡ್ ಅವರನ್ನು ಗಟ್ಟಿ ಮಾಡಿತು. ಸರ್ಜನ್ ಒಂದು ಕಡೆ, ಸೂಕ್ಷ್ಮದರ್ಶಕ ನೋಡುವವರು ಇನ್ನೊಂದು ಕಡೆ, ನರರೋಗ ತಜ್ಞರು ಮತ್ತೊಂದು ಕಡೆ ಇದ್ದರೆ ಈ ಕಾಯಿಲೆಯನ್ನು ಗೆಲ್ಲಲಾಗದು, ಎಲ್ಲರೂ ಒಂದೇ ಸೂರಿನಡಿ ಇರಬೇಕು ಎಂದು ಅವರು ವಾದಿಸಿದರು. 1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ 12 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತು. 1934ರ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಬಾಗಿಲು ತೆರೆಯಿತು. ಅದೇ ವರ್ಷ ಪೆನ್‌ಫೀಲ್ಡ್ ಕೆನಡಾ ಪ್ರಜೆಯಾದರು.

ಆಪರೇಷನ್ ಟೇಬಲ್ ಮೇಲೆ ಮಾತಾಡುವ ರೋಗಿ

ಮೆದುಳಿಗೆ ಸ್ವತಃ ನೋವಿನ ಅರಿವು ಇಲ್ಲ. ಮುಟ್ಟಿದರೂ ಕತ್ತರಿಸಿದರೂ ನೋಯುವುದಿಲ್ಲ. ಹಾಗಾಗಿ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುವುದು ಸಾಧ್ಯ. ಪೆನ್‌ಫೀಲ್ಡ್ ಮೆದುಳಿನ ಮೇಲ್ಮೈಗೆ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಮುಟ್ಟಿಸುತ್ತಿದ್ದರು. ಒಂದು ಜಾಗ ಮುಟ್ಟಿದರೆ ಹೆಬ್ಬೆರಳು ಅಲುಗುತ್ತಿತ್ತು. ಇನ್ನೊಂದು ಜಾಗಕ್ಕೆ ನಾಲಿಗೆ ಜುಮ್ಮೆನ್ನುತ್ತಿತ್ತು. ಮತ್ತೊಂದು ಜಾಗಕ್ಕೆ ಮಾತು ನಿಂತುಬಿಡುತ್ತಿತ್ತು. ಪ್ರತಿ ಜಾಗಕ್ಕೂ ಸಂಖ್ಯೆ ಬರೆದ ಪುಟ್ಟ ಕಾಗದದ ಚೀಟಿ ಇಡುತ್ತಿದ್ದರು. ಮಾತು, ಕೈಕಾಲು ಕೆಡದಂತೆ ಎಲ್ಲಿ ಕತ್ತರಿಸಬಾರದು ಎಂದು ಇದರಿಂದ ತಿಳಿಯುತ್ತಿತ್ತು.

ಹೀಗೆ ನೂರಾರು ರೋಗಿಗಳಿಂದ ಕೂಡಿಟ್ಟ ಮಾಹಿತಿಯಿಂದ ಮೆದುಳಿನ ನಕ್ಷೆ ಸಿದ್ಧವಾಯಿತು. ತುಟಿ, ನಾಲಿಗೆ, ಕೈ ದೊಡ್ಡದಾಗಿ, ಮೈ ಸಣ್ಣದಾಗಿರುವ ವಿಚಿತ್ರ ಮನುಷ್ಯನ ಚಿತ್ರವನ್ನು ಜೀವವಿಜ್ಞಾನದ ಪುಸ್ತಕಗಳಲ್ಲಿ ನೀವೂ ನೋಡಿರಬಹುದು. ಅದು ಇಲ್ಲಿಂದ ಬಂದದ್ದು. ಮೆದುಳಿನ ವಿದ್ಯುತ್ ಅಲೆಗಳನ್ನು ಇಇಜಿ ಯಂತ್ರದಲ್ಲಿ ದಾಖಲಿಸುವ ಹರ್ಬರ್ಟ್ ಜಾಸ್ಪರ್ ಅವರು ಜೊತೆಯಾದ ಮೇಲೆ ಫಿಟ್ಸ್ ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುವುದು ಇನ್ನಷ್ಟು ಸುಲಭವಾಯಿತು.

ಆಗ ಗಮನ ಸೆಳೆದದ್ದು ಕಿವಿಯ ಮೇಲ್ಭಾಗದ ಒಳಗಿರುವ ಟೆಂಪೊರಲ್ ಹಾಲೆ. ಇಲ್ಲಿ ಫಿಟ್ಸ್ ಶುರುವಾದರೆ ಅನೇಕರು ಬೀಳುವುದೇ ಇಲ್ಲ. ಇಲ್ಲದ ವಾಸನೆ ಬರುತ್ತದೆ. ಕಾರಣವಿಲ್ಲದೆ ಭಯವಾಗುತ್ತದೆ. ಹೊಟ್ಟೆಯಿಂದ ಏನೋ ಮೇಲೆದ್ದು ಬಂದಂತಾಗುತ್ತದೆ. ಮೊದಲ ಬಾರಿ ನೋಡಿದ ಜಾಗವೂ ಹಿಂದೆ ನೋಡಿದಂತೆ ಅನಿಸುತ್ತದೆ. ಒಂದೆರಡು ನಿಮಿಷ ಶೂನ್ಯ ದೃಷ್ಟಿ, ಬಾಯಿ ಚಪ್ಪರಿಸುವುದು, ಬಟ್ಟೆ ಕೆದಕುವುದು. ಆಮೇಲೆ ಏನಾಯಿತೆಂದು ನೆನಪಿರುವುದಿಲ್ಲ.

ಫಿಟ್ಸ್‌ಗೆ ಮುನ್ನ ಸುಟ್ಟ ಬ್ರೆಡ್ಡಿನ ವಾಸನೆ ಬರುತ್ತಿದ್ದ ಪೆನ್‌ಫೀಲ್ಡ್ ಅವರ ಒಬ್ಬ ರೋಗಿಯ ಕಥೆಯನ್ನು 1990ರ ದಶಕದ ಆರಂಭದಲ್ಲಿ ಕೆನಡಾದ ಟಿವಿಯಲ್ಲಿ ಒಂದು ನಿಮಿಷದ ಕಿರುಚಿತ್ರವಾಗಿ ತೋರಿಸಿದರು. ಅದು ಆ ದೇಶದಲ್ಲಿ ಮನೆಮಾತಾಯಿತು. ಆ ಕಥೆ ಫಿಟ್ಸ್‌ನದು, ಸ್ಟ್ರೋಕ್‌ನದಲ್ಲ. ಸುಟ್ಟ ವಾಸನೆ ಸ್ಟ್ರೋಕ್‌ನ ಗುರುತು ಎನ್ನಲು ಸರಿಯಾದ ಆಧಾರವಿಲ್ಲ. ಸ್ಟ್ರೋಕ್‌ನ ಗುರುತುಗಳು ಬೇರೆ: ಮುಖ ಒಂದು ಕಡೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು.

ಅವರು ಎಡವಿದ ಎರಡು ಕಡೆ

ಪೆನ್‌ಫೀಲ್ಡ್ ಎಲ್ಲದರಲ್ಲೂ ಸರಿಯಾಗಿರಲಿಲ್ಲ. ಟೆಂಪೊರಲ್ ಹಾಲೆಗೆ ವಿದ್ಯುತ್ ಮುಟ್ಟಿಸಿದಾಗ ಕೆಲವರಿಗೆ ಹಳೆಯ ಹಾಡು ಕೇಳಿಸಿತು, ಮನೆಯವರ ದನಿ ಕೇಳಿಸಿತು. ಮೆದುಳು ನಾವು ಕಂಡದ್ದನ್ನೆಲ್ಲ ಟೇಪ್ ರೆಕಾರ್ಡರ್‌ನಂತೆ ಹಿಡಿದಿಡುತ್ತದೆ ಎಂದು ಅವರು ನಂಬಿದರು. ಇಂದಿಗೂ ಈ ಮಾತು ಸ್ಫೂರ್ತಿ ತುಂಬುವ ವಿಡಿಯೊಗಳಲ್ಲಿ ಓಡಾಡುತ್ತದೆ. ಆದರೆ 1963ರಲ್ಲಿ ಅವರೇ ಕೊಟ್ಟ ಲೆಕ್ಕ ನೋಡಿ. ಈ ಹಾಲೆಯನ್ನು ಪರೀಕ್ಷಿಸಿದ 520 ರೋಗಿಗಳಲ್ಲಿ ಇಂತಹ ಅನುಭವ ಆದದ್ದು 40 ಜನರಿಗೆ ಮಾತ್ರ. ಅದೂ ನಿಜವಾಗಿ ನಡೆದ ಘಟನೆಯ ನೆನಪೋ, ಕನಸಿನಂತಹ ಕಲ್ಪನೆಯೋ ಎಂದು ಹೇಳುವುದು ಕಷ್ಟ. ನೆನಪು ಎಂದರೆ ರೆಕಾರ್ಡಿಂಗ್ ಅಲ್ಲ, ಪ್ರತಿ ಸಲವೂ ಮೆದುಳು ಅದನ್ನು ಹೊಸದಾಗಿ ಕಟ್ಟುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಎರಡನೆಯದು ಇನ್ನೂ ಗಂಭೀರ. ಟೆಂಪೊರಲ್ ಹಾಲೆಯ ಒಂದು ಬದಿಯನ್ನು ತೆಗೆದ ಮೇಲೆ ಇಬ್ಬರು ರೋಗಿಗಳು ಹೊಸ ವಿಷಯ ನೆನಪಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಜೊತೆ ಸೇರಿ ಪೆನ್‌ಫೀಲ್ಡ್ ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಇನ್ನೊಂದು ಬದಿಯಲ್ಲೂ ಮೊದಲೇ ಹಾನಿ ಇದ್ದಿರಬೇಕು ಎಂದು ಅವರು ಊಹಿಸಿದರು. ವರ್ಷಗಳ ನಂತರ ಅವರಲ್ಲೊಬ್ಬರು ತೀರಿಕೊಂಡಾಗ ಮೆದುಳನ್ನು ಪರೀಕ್ಷಿಸಲಾಯಿತು. ಊಹೆ ನಿಜವಾಗಿತ್ತು. ಇಂದು ಇಂತಹ ಆಪರೇಷನ್‌ಗೆ ಮುನ್ನ ನೆನಪಿನ ಪರೀಕ್ಷೆ ಕಡ್ಡಾಯ ಎನ್ನುವಂತಾಗಿರುವುದಕ್ಕೆ ಆ ಇಬ್ಬರು ರೋಗಿಗಳ ನಷ್ಟವೂ ಒಂದು ಕಾರಣ.

ಎರಡು ಬಗೆಯ ಕೋಶಗಳು ಬೆರೆತ ಗಡ್ಡೆ

ರೂತ್ ಅವರದು ಗ್ಲಯಾ ಬಗೆಯ ಗಡ್ಡೆ. ಅದಕ್ಕಿಂತ ಅಪರೂಪದ ಇನ್ನೊಂದು ಗುಂಪಿದೆ. ಅದರಲ್ಲಿ ಕೆಟ್ಟ ನರಕೋಶಗಳೂ ಕೆಟ್ಟ ಗ್ಲಯಾ ಕೋಶಗಳೂ ಒಟ್ಟಿಗೆ ಬೆರೆತಿರುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಗ್ಯಾಂಗ್ಲಿಯೋಗ್ಲಯೋಮ. ಗ್ಯಾಂಗ್ಲಿಯಾನ್ ಎಂದರೆ ನರಕೋಶಗಳ ಕಡೆಯ ಹೆಸರು, ಗ್ಲಯೋಮ ಎಂದರೆ ಗ್ಲಯಾ ಗಡ್ಡೆ. 1930ರ ಹೊತ್ತಿಗೆ, ಅಂದರೆ ರೂತ್ ಇನ್ನೂ ಬದುಕಿದ್ದಾಗಲೇ, ಈ ಹೆಸರು ವೈದ್ಯಕೀಯ ಪತ್ರಿಕೆಗಳಲ್ಲಿ ಬಳಕೆಗೆ ಬಂದಿತ್ತು.

ಮೆದುಳಿನ ನೂರು ಗಡ್ಡೆಗಳಲ್ಲಿ ಇಂಥದ್ದು ಒಂದೋ ಎರಡೋ. ಹೆಚ್ಚಾಗಿ ಮಕ್ಕಳು ಮತ್ತು ಯುವಜನರಲ್ಲಿ, ಅದರಲ್ಲೂ ಟೆಂಪೊರಲ್ ಹಾಲೆಯಲ್ಲಿ ಕಾಣಿಸುತ್ತದೆ. ಗಡ್ಡೆಯಲ್ಲಿರುವ ನರಕೋಶಗಳು ತಾವೇ ಅಡ್ಡಾದಿಡ್ಡಿ ವಿದ್ಯುತ್ ಹರಿಸುವುದರಿಂದ ಮೊದಲ ಲಕ್ಷಣ ಸಾಮಾನ್ಯವಾಗಿ ಫಿಟ್ಸ್. ಎಷ್ಟೋ ಜನರಲ್ಲಿ ಮಾತ್ರೆಗೂ ಅದು ಬಗ್ಗುವುದಿಲ್ಲ.

ಗಡ್ಡೆ ಎಂದ ಕೂಡಲೇ ಕ್ಯಾನ್ಸರ್, ಇನ್ನು ಉಳಿಯುವುದಿಲ್ಲ ಎಂದು ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಗ್ಯಾಂಗ್ಲಿಯೋಗ್ಲಯೋಮ 1ನೇ ದರ್ಜೆಯದು, ಅಂದರೆ ಅತಿ ನಿಧಾನವಾಗಿ ಬೆಳೆಯುವ ಗುಂಪು. ಅದು ಆಕ್ರಮಣಕಾರಿಯಾಗಿ ಬದಲಾಗುವುದು ವಿರಳ. ಪೂರ್ತಿ ತೆಗೆಯಲು ಸಾಧ್ಯವಾದರೆ ಹೆಚ್ಚಿನವರಿಗೆ ಬೇರೆ ಚಿಕಿತ್ಸೆ ಬೇಕಾಗುವುದಿಲ್ಲ, ಬಹುಪಾಲು ಜನರಲ್ಲಿ ಫಿಟ್ಸ್ ಕೂಡ ನಿಲ್ಲುತ್ತದೆ. ಆದರೂ ಕೆಲವರ್ಷ ಸ್ಕ್ಯಾನ್ ಮಾಡಿಸುತ್ತಿರಬೇಕು. ಕೆಲವರ ಗಡ್ಡೆಯಲ್ಲಿ ಬಿ-ರಾಫ್ ಎಂಬ ಜೀನ್‌ನಲ್ಲಿ ಬದಲಾವಣೆ ಇರುತ್ತದೆ. ಆಪರೇಷನ್ ಸಾಧ್ಯವಾಗದಿದ್ದಾಗ ಆ ಬದಲಾವಣೆಗೇ ಗುರಿಯಿಡುವ ಔಷಧಗಳೂ ಈಗ ಬಂದಿವೆ.

ಪೆನ್‌ಫೀಲ್ಡ್ ಕಾಲದಲ್ಲಿ ಎಂಆರ್‌ಐ ಇರಲಿಲ್ಲ. ಎಕ್ಸ್‌ರೇ, ಇಇಜಿ ಮತ್ತು ರೋಗಿ ಹೇಳುವ ಮಾತು, ಇಷ್ಟೇ ದಾರಿ. ಸಣ್ಣ ಗಡ್ಡೆ ಇದೆಯೋ ಇಲ್ಲವೋ ತಲೆಬುರುಡೆ ತೆರೆದ ಮೇಲೇ ಗೊತ್ತಾಗಬೇಕಿತ್ತು. ಇಂದು ಅರ್ಧ ಮುಕ್ಕಾಲು ಗಂಟೆಯ ಎಂಆರ್‌ಐನಲ್ಲಿ ಅದು ಕಾಣುತ್ತದೆ.

ಒಂದು ಎಚ್ಚರಿಕೆ: ನಮ್ಮ ದೇಶದಲ್ಲಿ ಸ್ಕ್ಯಾನ್‌ನಲ್ಲಿ ಚುಕ್ಕೆ ಕಂಡರೆ ಅದು ಗಡ್ಡೆಯೇ ಆಗಿರಬೇಕಿಲ್ಲ. ಲಾಡಿಹುಳದ ಮರಿ ಮೆದುಳು ಸೇರುವುದರಿಂದ ಅಥವಾ ಕ್ಷಯದಿಂದಲೂ ಅಂತಹ ಚುಕ್ಕೆ ಆಗುತ್ತದೆ, ಅದಕ್ಕೆ ಔಷಧವಿದೆ. ಮತ್ತೆ ಬಹಳಷ್ಟು ಜನರ ಫಿಟ್ಸ್‌ಗೆ ಗಡ್ಡೆಯೂ ಇರುವುದಿಲ್ಲ, ಚುಕ್ಕೆಯೂ ಇರುವುದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ನರರೋಗ ತಜ್ಞರು.

ಮಾಂಟ್ರಿಯಲ್‌ನಿಂದ ವೆಲ್ಲೂರಿಗೆ

ಪೆನ್‌ಫೀಲ್ಡ್ ಅವರ ವಿದ್ಯೆ ನಮ್ಮ ಕಡೆಗೂ ಬಂತು. ಮಾಂಟ್ರಿಯಲ್‌ನಲ್ಲಿ ಅವರ ಬಳಿ ತರಬೇತಿ ಪಡೆದ ಕೇರಳದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. 1952ರಲ್ಲಿ ಅಲ್ಲೇ ಫಿಟ್ಸ್‌ಗಾಗಿ ಆಪರೇಷನ್ ಕೂಡ ನಡೆಯಿತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫಿಟ್ಸ್‌ನ ಶಸ್ತ್ರಚಿಕಿತ್ಸೆ ಲಭ್ಯವಿದೆ. ಎರಡು ಸರಿಯಾದ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅಂತಹ ದೊಡ್ಡ ಕೇಂದ್ರಕ್ಕೆ ಹೋಗಿ ಕೇಳುವುದು ಒಳ್ಳೆಯದು.

ಪೆನ್‌ಫೀಲ್ಡ್ 1960ರಲ್ಲಿ ನಿವೃತ್ತರಾದರು. ಆಮೇಲೂ ಬರೆಯುತ್ತಲೇ ಇದ್ದರು. ಮೆದುಳಿನಲ್ಲಿ ಮನಸ್ಸು ಎಲ್ಲಿದೆ ಎಂಬ ಪ್ರಶ್ನೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಆತ್ಮಕಥೆಯ ಹಸ್ತಪ್ರತಿಯನ್ನು ಮುಗಿಸಿ ಮೂರು ವಾರವಾಗಿತ್ತು. 1976ರ ಏಪ್ರಿಲ್ 5ರಂದು, ತಾವು ಕೆಲಸ ಮಾಡಿದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲೇ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 85 ವರ್ಷ.

ಹಾಗಾದರೆ ನಾವು ಏನು ಮಾಡಬೇಕು?

ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಫಿಟ್ಸ್ ನಿಲ್ಲಿಸುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ ಬರುತ್ತದೆ.

ಯಾರಿಗಾದರೂ ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ. ತಲೆಯಡಿ ಮೆತ್ತಗಿನ ಬಟ್ಟೆ ಇಡಿ. ಸುತ್ತಲಿನ ಚೂಪಾದ ವಸ್ತು ಸರಿಸಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿಕೊಳ್ಳಿ. 5 ನಿಮಿಷ ದಾಟಿದರೆ, ಪ್ರಜ್ಞೆ ಬರುವ ಮುನ್ನ ಮತ್ತೊಮ್ಮೆ ಬಂದರೆ, ಅಥವಾ ಅದು ಜೀವನದ ಮೊದಲ ಫಿಟ್ಸ್ ಆಗಿದ್ದರೆ 108ಕ್ಕೆ ಕರೆ ಮಾಡಿ. ಸಾಧ್ಯವಾದರೆ ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಊರಿಗೆಲ್ಲ ಹಂಚಲು ಅಲ್ಲ, ವೈದ್ಯರಿಗೆ ತೋರಿಸಲು. ರೋಗ ಪತ್ತೆಗೆ ಅದು ತುಂಬಾ ನೆರವಾಗುತ್ತದೆ.

ಮಗು ಆಗಾಗ ಮಾತಿನ ಮಧ್ಯೆ ಕಲ್ಲಿನಂತೆ ನಿಂತುಬಿಡುತ್ತದೆಯೇ? ಕರೆದರೂ ಓಗೊಡದೆ ಬಾಯಿ ಚಪ್ಪರಿಸುತ್ತದೆಯೇ? ಪದೇ ಪದೇ ಇಲ್ಲದ ವಾಸನೆ ಬರುತ್ತದೆ ಎನ್ನುತ್ತದೆಯೇ? ಮೂಗಿನ ತೊಂದರೆ, ಮೈಗ್ರೇನ್‌ನಿಂದಲೂ ಇಲ್ಲದ ವಾಸನೆ ಬರಬಹುದು, ಹೆದರಬೇಡಿ. ಆದರೆ ಮಂತ್ರಿಸಲು ಕರೆದೊಯ್ಯುವ ಮುನ್ನ ನರರೋಗ ತಜ್ಞರಿಗೆ ತೋರಿಸಿ.

ಮದುವೆಗೆ ಅಡ್ಡಿಯಾಗುತ್ತದೆ ಎಂದು ಫಿಟ್ಸ್ ಮುಚ್ಚಿಡುವ ಮನೆಗಳು ಇನ್ನೂ ಇವೆ. ಫಿಟ್ಸ್ ಇದ್ದವರ ಮದುವೆಯನ್ನು ಪ್ರಶ್ನಿಸಲು ಅವಕಾಶ ಕೊಡುತ್ತಿದ್ದ ಅಂಶವನ್ನು 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದುಹಾಕಲಾಗಿದೆ. ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ ಅಷ್ಟೇ. ರೂತ್ ಅವರಿಗೆ ಮೊದಲ ಫಿಟ್ಸ್ ಬಂದಾಗ ಗಡ್ಡೆ ಪತ್ತೆ ಮಾಡುವ ಯಂತ್ರವೇ ಜಗತ್ತಿನಲ್ಲಿ ಇರಲಿಲ್ಲ. ಇಂದು ಇದೆ. ಬೀಗದ ಕೈಯ ಫಾರ್ವರ್ಡ್ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಲೇಖನವನ್ನು ಹಾಕಿ.